ಕೊಲೆಗಾರರ ಸಿನಿಮಾ ಯಾಕೆ ಅಷ್ಟು ನೋಡ್ತೀರಿ?

"ಇಷ್ಟು ಮೆದು ಮನಸ್ಸಿನವರು, ಸೀರಿಯಲ್ ಕಿಲ್ಲರ್ ಸಿನಿಮಾ ಹೇಗೆ ನೋಡ್ತೀರಿ?" ಪರಿಚಯದವರು ಸಿಕ್ಕಾಗಲೆಲ್ಲ ಇದನ್ನು ಕೇಳುತ್ತಾರೆ. ರಕ್ತ ನೋಡೋದು ಇಷ್ಟಾನಾ ಅಂತಲೂ ಕೆಲವರ ಅನುಮಾನ. ಇಲ್ಲ. ರಕ್ತ ಕಂಡರೆ ನಾನೂ ಮುಖ ತಿರುಗಿಸುತ್ತೇನೆ.

ಸೀಟಿನಲ್ಲಿ ಹಾಯಾಗಿ ಕೂತು ಹೆದರೋದರಲ್ಲಿ ಒಂದು ಮಜಾ ಇದೆ, ಅದು ನಿಜ. ಆದರೆ ಆ ಮಜಾ ದೆವ್ವದ ಸಿನಿಮಾದಲ್ಲೂ ಸಿಗುತ್ತದೆ. ದೆವ್ವ ಬಸ್ಸಿನಲ್ಲಿ ನಮ್ಮ ಪಕ್ಕ ಬಂದು ಕೂರುವುದಿಲ್ಲ. ಕೊಲೆಗಾರ ಕೂರಬಹುದು. ಅವನನ್ನು ನೋಡಿದ್ರೆ ನಮಗೆ ಗೊತ್ತಾಗ್ತಿತ್ತಾ? ಈ ಪ್ರಶ್ನೆಯೇ ನಮ್ಮನ್ನು ಪರದೆಯ ಮುಂದೆ ಕೂರಿಸುತ್ತದೆ ಅಂತ ನನ್ನ ನಂಬಿಕೆ.

ದಕ್ಷಿಣ ಕನ್ನಡದ ಸೈನೈಡ್ ಮೋಹನ್ ನೆನಪಿದ್ದಾನಲ್ಲ. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು. ವರದಕ್ಷಿಣೆ ಬೇಡ, ಮದುವೆಯಾಗ್ತೀನಿ ಅಂತ ಬಡವರ ಮನೆ ಹೆಣ್ಣುಮಕ್ಕಳನ್ನು ನಂಬಿಸುತ್ತಿದ್ದ. ಬೇರೆ ಊರಿಗೆ ಕರೆದುಕೊಂಡು ಹೋಗಿ, ಗರ್ಭ ನಿಲ್ಲದಿರಲು ಮಾತ್ರೆ ಅಂತ ಸೈನೈಡ್ ಕೊಡುತ್ತಿದ್ದ. ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ ಹೋಗಿ ನುಂಗು ಅನ್ನುತ್ತಿದ್ದ. 2009ರಲ್ಲಿ ಸಿಕ್ಕಿಬಿದ್ದ ಮೇಲೆ ಅವನ ಮೇಲೆ ಬಂದದ್ದು 20 ಹೆಣ್ಣುಮಕ್ಕಳ ಕೊಲೆಯ ಆರೋಪ. ಪೇಪರಿನಲ್ಲಿ ಬಂದ ಅವನ ಫೋಟೊವನ್ನು ನಾನು ನೋಡಿದ್ದೇ ನೋಡಿದ್ದು, ಏನಾದರೂ ಸುಳಿವು ಸಿಗುತ್ತಾ ಅಂತ. ಏನೂ ಇರಲಿಲ್ಲ. ಆ ಹೆಣ್ಣುಮಕ್ಕಳಿಗೂ ಏನೂ ಕಂಡಿರಲಿಲ್ಲ. ಅದು ಅವರ ತಪ್ಪಲ್ಲ.

ಒಳ್ಳೆಯ ಸಿನಿಮಾ ಈ ಹುಡುಕಾಟದಲ್ಲೇ ನಮ್ಮನ್ನು ಸಿಕ್ಕಿಸುತ್ತದೆ. ಹಿಚ್‌ಕಾಕ್‌ನ 'ಸೈಕೊ' (1960) ನೋಡಿ. ಕೊಲೆಯಾದ ಹೆಂಗಸಿನ ಹೆಣವನ್ನು ಅವಳದೇ ಕಾರಿನಲ್ಲಿಟ್ಟು, ಅವಳು ತಂಗಿದ್ದ ಮೋಟೆಲಿನ ಹುಡುಗ ನಾರ್ಮನ್ ಕೆಸರು ಹೊಂಡಕ್ಕೆ ತಳ್ಳುತ್ತಾನೆ. ಕಾರು ಸ್ವಲ್ಪ ಮುಳುಗಿ ತಟ್ಟನೆ ನಿಂತುಬಿಡುತ್ತದೆ. ಆಗ 'ಅಯ್ಯೋ, ಬೇಗ ಮುಳುಗಲಿ' ಅನ್ನಿಸೋದು ನಮಗೇ! ಪಾಪದ ಹುಡುಗ, ತಾಯಿ ಮಾಡಿದ್ದನ್ನು ಮುಚ್ಚಿಹಾಕ್ತಿದ್ದಾನೆ ಅಂತ ಅಷ್ಟರಲ್ಲಿ ನಾವು ನಂಬಿರುತ್ತೇವೆ. ಕೊಲೆಗಾರನನ್ನೇ ನೋಡುತ್ತಾ ಅವನಿಗೇ ಮರುಗುತ್ತಿರುತ್ತೇವೆ.

ಬೇಟೆಯ ರೋಚಕತೆಗಷ್ಟೇ ಕೊಲೆ ತೋರಿಸುವ ಚಿತ್ರಗಳೂ ಬೇಕಾದಷ್ಟಿವೆ. ಅವುಗಳಲ್ಲಿ ಕೊಲೆಗಾರ ಹೀರೊ, ಸತ್ತವರು ಬರೀ ಲೆಕ್ಕಕ್ಕೆ. ನನಗೆ ಅವು ಬೇಡ.

ಒಂದೇ ಒಂದು ನೋಡ್ತೀನಿ ಅನ್ನುವವರಿಗೆ ನಾನು ಹೇಳೋದು ದಕ್ಷಿಣ ಕೊರಿಯಾದ 'ಮೆಮೊರೀಸ್ ಆಫ್ ಮರ್ಡರ್' (2003). ಹ್ವಾಸಾಂಗ್‌ನಲ್ಲಿ 1986ರಿಂದ 1991ರವರೆಗೆ ನಡೆದ ಹೆಂಗಸರ ಕೊಲೆಗಳ ಕತೆ. ಚಿತ್ರ ತೆರೆಗೆ ಬಂದಾಗ ಕೊಲೆಗಾರ ಸಿಕ್ಕಿರಲಿಲ್ಲ. ಕೊನೆಯ ದೃಶ್ಯದಲ್ಲಿ ಕೆಲಸ ಬಿಟ್ಟ ಪೊಲೀಸ್, ಮೊದಲ ಹೆಣ ಸಿಕ್ಕ ಗದ್ದೆಯ ಮೋರಿಯೊಳಗೆ ಬಗ್ಗಿ ನೋಡುತ್ತಾನೆ. ಕೆಲ ದಿನದ ಹಿಂದೆ ಇನ್ನೊಬ್ಬನೂ ಹೀಗೇ ನೋಡಿದ್ದ ಅನ್ನುತ್ತಾಳೆ ದಾರಿಯಲ್ಲಿ ಬಂದ ಹುಡುಗಿ. ಹೇಗಿದ್ದ? ಸಾಮಾನ್ಯ ಮುಖ, ಎಲ್ಲರ ಹಾಗೆ. ಪೊಲೀಸ್ ತಿರುಗಿ ನೇರ ಕ್ಯಾಮೆರಾವನ್ನೇ ದಿಟ್ಟಿಸುತ್ತಾನೆ. ಕೊಲೆಗಾರ ಈ ಚಿತ್ರ ನೋಡಲು ಬರಬಹುದು, ಈ ಕಣ್ಣು ಅವನ ಕಣ್ಣಿಗೆ ಸಿಗಲಿ ಅನ್ನೋದು ನಿರ್ದೇಶಕ ಬಾಂಗ್ ಜೂನ್ ಹೋ ಆಸೆ.

2019ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಆ ಕೊಲೆಗಾರ ಯಾರು ಅಂತ ಗೊತ್ತಾಯ್ತು. ಹೆಂಡತಿಯ ತಂಗಿಯನ್ನು ಕೊಂದು 1994ರಿಂದಲೂ ಜೈಲಿನಲ್ಲಿದ್ದ. ಮರುವರ್ಷ ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗ ಆ ಚಿತ್ರ ನೋಡಿದ್ದೇನೆ ಅಂತಲೂ ಒಪ್ಪಿಕೊಂಡ. ಸುಮ್ನೆ ಸಿನಿಮಾ ಅಂತ ನೋಡಿದೆ, ಏನೂ ಅನ್ನಿಸಲಿಲ್ಲ ಅಂದ.