ಟೈಲ್ ಲೈಟಿನ ಬಟ್ಟಲು ತಿಕ್ಕುವ ಮೊದಲು

ಮಳೆಗಾಲ ಹಿಡಿಯುವ ಹೊತ್ತಿಗೆ ಶಿವಮೊಗ್ಗದ ನಮ್ಮ ಗ್ಯಾರೇಜಿಗೆ ತೀರ್ಥಹಳ್ಳಿ, ಹೊಸನಗರ ಕಡೆಯ ಹಳೇ ಗಾಡಿಗಳು ಒಂದೇ ದೂರು ಹೊತ್ತು ಬರುತ್ತವೆ. "ಹಿಂದಿನ ಲೈಟು ಮಂಕು ಮಾರಾಯ್ರೆ, ಆಗುಂಬೆ ಘಾಟಿ ಮಂಜಲ್ಲಿ ಹಿಂದೆ ಬರೋರಿಗೆ ನಾವು ಕಾಣೋದೇ ಇಲ್ಲ." ಮದ್ದನ್ನೂ ಅವರೇ ಹೇಳುತ್ತಾರೆ: ಒಳಗಿನ ಬೆಳ್ಳಿ ಬಣ್ಣದ ಬಟ್ಟಲಿಗೆ, ಅಂದರೆ ಬಲ್ಬಿನ ಬೆಳಕನ್ನು ಹೊರಕ್ಕೆ ಎಸೆಯುವ ರಿಫ್ಲೆಕ್ಟರಿಗೆ, ಪಾಲಿಷ್ ಹಾಕಿ ತಿಕ್ಕಿಬಿಡಿ.

ಪ್ಲಾಸ್ಟಿಕ್ ಬಟ್ಟಲಾದರೆ ನಾನು ತಿಕ್ಕಲ್ಲ. ಅದರ ಹೊಳಪು ನಿರ್ವಾತದಲ್ಲಿ ಅಲ್ಯೂಮಿನಿಯಂ ಆವಿ ಕೂರಿಸಿದ್ದು, ಒಂದು ಮೈಕ್ರಾನಿಗಿಂತ ತೆಳು. ಒಣಬಟ್ಟೆಯಲ್ಲಿ ಒತ್ತಿ ಒರೆಸಿದರೂ ಎದ್ದು ಬರುತ್ತದೆ. ಬರೀ ಧೂಳಾಗಿದ್ದರೆ ಸೋಪಿನ ನೀರಲ್ಲಿ ಅಲ್ಲಾಡಿಸಿ ನೆರಳಲ್ಲಿ ಒಣಗಿಸಿದರೆ ಆಯ್ತು.

ಅಸಲಿಗೆ ಬಟ್ಟಲಿಗಿಂತ ಮೊದಲು ಅರ್ತ್ ನೋಡಬೇಕು, ಅಂದರೆ ಬಲ್ಬಿನ ಕರೆಂಟ್ ಗಾಡಿಯ ಬಾಡಿ ಮೂಲಕ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ದಾರಿ. ಇಂಡಿಕೇಟರ್ ಹಾಕಿದಾಗ ಟೈಲ್ ಲೈಟೂ ಜತೆಗೆ ಮಿಣುಕಿದರೆ ಹೆಚ್ಚಾಗಿ ಅರ್ತ್ ಸ್ಕ್ರೂ ತುಕ್ಕು ಹಿಡಿದಿರುತ್ತದೆ. ಇಲ್ಲದಿದ್ದರೆ ಲೈಟ್ ಹಚ್ಚಿ, ವೋಲ್ಟ್ ಮೀಟರಿನ ಒಂದು ಕಡ್ಡಿ ಬಲ್ಬಿನ ಹಿತ್ತಾಳೆ ಬುಡಕ್ಕೆ, ಇನ್ನೊಂದು ಬ್ಯಾಟರಿ ಮೈನಸ್ಸಿಗೆ. ಅರ್ಧ ವೋಲ್ಟ್ ದಾಟಿದರೆ ಎಮರಿ ಪೇಪರ್ ಹಿಡಿದು ಸ್ಕ್ರೂ ಕೂರುವ ಜಾಗ ಹೊಳೆಯೋವರೆಗೆ ಉಜ್ಜಿ. ವೋಲ್ಟೇಜ್ 10 ಪರ್ಸೆಂಟ್ ಇಳಿದರೆ ಬಲ್ಬಿನ ಬೆಳಕು ಹೆಚ್ಚುಕಮ್ಮಿ 30 ಪರ್ಸೆಂಟ್ ಇಳಿಯುತ್ತದೆ. ಎಷ್ಟೋ ಗಾಡಿಗಳು ಇಷ್ಟಕ್ಕೇ ಸರಿಹೋಗಿ ಹೋಗಿವೆ.

ಬಟ್ಟಲಿನ ಲೇಪ ನಿಜಕ್ಕೂ ಉದುರಿದ್ದರೆ ಅಲ್ಯೂಮಿನಿಯಂ ಫಾಯಿಲ್ ಟೇಪು. ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಚಮಚದ ಹಿಂಬದಿಯಿಂದ ನೀವಿ ಕೂರಿಸಬೇಕು. ಹೋಲ್ಡರಿನ ಕಾಂಟ್ಯಾಕ್ಟಿಗೆ ಮಾತ್ರ ತಾಗಬಾರದು. ಟೇಪಲ್ಲೂ ಕರೆಂಟ್ ಹರಿಯುತ್ತದೆ, ಫ್ಯೂಸ್ ಹಾರುತ್ತೆ. ಕ್ರೋಮ್ ಸ್ಪ್ರೇ ಹೊಡೆದರೆ ಬಟ್ಟಲು ಆ ಡಬ್ಬಿಯ ಮುಚ್ಚಳದಷ್ಟು ಹೊಳೆಯಲ್ಲ, ಬೂದಿ ಬಣ್ಣಕ್ಕೆ ನಿಲ್ಲುತ್ತದೆ. ನನಗೆ ಅದಕ್ಕಿಂತ ಬಿಳಿ ಪೇಂಟೇ ವಾಸಿ.

ಇನ್ನೊಂದು ಗೊಂದಲ. ಕೆಂಪು ಲೆನ್ಸಿನಲ್ಲೇ ಸಣ್ಣ ಸಣ್ಣ ಚೌಕಗಳಿರುವ ಭಾಗವನ್ನೂ ರಿಫ್ಲೆಕ್ಟರ್ ಅಂತಲೇ ಕರೆಯುತ್ತೇವೆ. ಅದಕ್ಕೆ ಬಲ್ಬು ಬೇಡ, ಲೇಪವೂ ಬೇಡ. ಹಿಂದಿನ ಗಾಡಿಯ ಬೆಳಕನ್ನು ಅದರ ಮೂಲೆಗಳೇ ಬಂದ ದಾರಿಗೆ ವಾಪಸ್ ಕಳಿಸುತ್ತವೆ. ಹಿಂಬದಿಯಲ್ಲಿ ಗಾಳಿ ಇದ್ದರಷ್ಟೇ ಈ ಆಟ. ನೀರು ಹೊಕ್ಕಿತೋ, ಯಾರಾದರೂ ಪೇಂಟ್ ಬಳಿದರೋ, ಮುಗೀತು. ಅದನ್ನು ರಿಪೇರಿ ಮಾಡಲು ಕೂರಬೇಡಿ, ಹೊಸದು ಹಾಕಿ.

ಕೊನೆಗೆ ಲೆನ್ಸಿನ ಅಂಚಿಗೆ ಹೊಸ ರಬ್ಬರ್ ಪ್ಯಾಕಿಂಗ್. ಕೆಲವರು ಸುತ್ತಲೂ ಸಿಲಿಕೋನ್ ಅಂಟು ಮೆತ್ತಿ, ನೀರು ಇಳಿಯಲೆಂದೇ ಕೊಟ್ಟ ತಳದ ತೂತನ್ನೂ ಮುಚ್ಚುತ್ತಾರೆ. ನಮ್ಮ ಥಂಡಿಗೆ ಒಳಗೇ ಹಬೆ ಕಟ್ಟಿ ನೀರಾಗಿ ನಿಲ್ಲುತ್ತದೆ. ತಂತಿ ಹಾಕಿ ತೂತು ಬಿಡಿಸಿ. ದುಂಡನೆ ಲೈಟಾದರೆ ಕೂರಿಸುವಾಗ ತೂತು ಕೆಳಕ್ಕೇ ಇದೆಯಾ ಅಂತ ಒಮ್ಮೆ ಬಗ್ಗಿ ನೋಡಿ. ತಲೆಕೆಳಗಾಗಿ ಕೂತವೂ ನಮ್ಮಲ್ಲಿಗೆ ಬರುತ್ತವೆ.