ರಾಬ್ ಸ್ಟಾರ್ಕ್ ಸೋತದ್ದು ಆ ಮದುವೆಮನೆಯಲ್ಲಲ್ಲ

ಮಲೆನಾಡಿನ ಆಷಾಢ ಕಂಡವರಿಗೆ ಆ ದಿನದ ನಮ್ಮ ಸ್ಥಿತಿ ಬಿಡಿಸಿ ಹೇಳಬೇಕಿಲ್ಲ. ತೀರ್ಥಹಳ್ಳಿ ಹತ್ತಿರದ ಅತ್ತೆ ಮನೆಗೆ ಹೋಗಿದ್ದೆ. ರಾತ್ರಿಯೆಲ್ಲ ಹೊಡೆದ ಮಳೆಗೆ ಮರ ಬಿದ್ದು ರಸ್ತೆ ಬಂದ್ ಆಗಿತ್ತು. ಬಸ್ಸಿಲ್ಲ, ತೋಟಕ್ಕೆ ಇಳಿಯುವ ಹಾಗಿಲ್ಲ. ಅತ್ತೆಯ ಮಗಳು 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯ ಮೂರನೇ ಸೀಸನ್ ಅನ್ನು ಟ್ಯಾಬ್‌ಗೆ ಇಳಿಸಿಕೊಂಡಿದ್ದಳು. ಅವಳು, ಅವಳ ಅಣ್ಣ ಅಂದರೆ ನನ್ನ ಭಾವ, ಮತ್ತು ನಾನು ಉಪ್ಪರಿಗೆಯ ಕೋಣೆಯಲ್ಲಿ ಕಂಬಳಿ ಹೊದ್ದು ಕೂತೆವು. ಮೊದಲ ನಾಲ್ಕು ಎಪಿಸೋಡ್ ಆಗಲೇ ಮೂವರೂ ನೋಡಿಯಾಗಿತ್ತು. ಆ ದಿನ ಶುರುಮಾಡಿದ್ದು ಐದನೆಯದರಿಂದ. ಕತ್ತಲಾಗುವ ಹೊತ್ತಿಗೆ ಸೀಸನ್ ಮುಗಿಸಿದ್ದೆವು.

ಇನ್ನೂ ನೋಡದವರು ದಯವಿಟ್ಟು ಇಲ್ಲೇ ನಿಲ್ಲಿಸಿ. ಮುಂದೆ ನಾನು ಏನನ್ನೂ ಮುಚ್ಚಿಡುವುದಿಲ್ಲ.

ನಮ್ಮ ಮೂವರಿಗೂ ಉತ್ತರದ ರಾಜ ರಾಬ್ ಸ್ಟಾರ್ಕ್ ಅಂದ್ರೆ ಇಷ್ಟ. ಅಪ್ಪ ನೆಡ್ ಸ್ಟಾರ್ಕ್‌ನ ತಲೆಯನ್ನು ಹುಡುಗ ರಾಜ ಜಾಫ್ರಿ ಜನರೆದುರೇ ಹಾರಿಸಿದ್ದಾನೆ. ತಂಗಿ ಸಾನ್ಸಾ ಶತ್ರುಗಳ ಕೈಯಲ್ಲಿದ್ದಾಳೆ. ಮಗ ಕತ್ತಿ ಹಿಡಿದು ಹೊರಟಿದ್ದಾನೆ. ಇಂಥವನ ಪರ ನಿಲ್ಲದೆ ಇರುವುದು ಹೇಗೆ? ಅವನೇನೂ ತಾನಾಗಿ ಕಿರೀಟ ಇಟ್ಟುಕೊಂಡವನಲ್ಲ. ಉತ್ತರದ ಪಾಳೆಯಗಾರರು ಒಬ್ಬೊಬ್ಬರಾಗಿ ಎದ್ದು, ಮಂಡಿಯೂರಿ, ಕತ್ತಿ ಎತ್ತಿ 'ನೀನೇ ನಮ್ಮ ರಾಜ' ಅಂದಿದ್ದರು. ಯುದ್ಧದಲ್ಲಿ ಅವನು ಒಮ್ಮೆಯೂ ಸೋತಿಲ್ಲ. ಹಾಗಿದ್ದೂ ಮೂರನೇ ಸೀಸನ್ನಿನಲ್ಲಿ ಅವನ ಕಾಲ ಕೆಳಗಿನ ಮಣ್ಣು ಜಾರುತ್ತಾ ಹೋಗುತ್ತದೆ.

ಐದನೇ ಎಪಿಸೋಡ್‌ನಲ್ಲಿ ರಿಕಾರ್ಡ್ ಕಾರ್‌ಸ್ಟಾರ್ಕ್ ಎಂಬ ಮುದಿ ಪಾಳೆಯಗಾರ ರಾತ್ರಿ ಸೆರೆಮನೆಗೆ ನುಗ್ಗುತ್ತಾನೆ. ಅಲ್ಲಿ ಶತ್ರುಪಕ್ಷದ, ಅಂದರೆ ಜಾಫ್ರಿಯ ತಾಯಿಯ ಕಡೆಯ ಲ್ಯಾನಿಸ್ಟರ್ ಮನೆತನದ ಇಬ್ಬರು ಹುಡುಗರು ಸೆರೆಯಲ್ಲಿದ್ದಾರೆ. ಕತ್ತಿ ಹಿಡಿಯಲೂ ಸರಿಯಾಗಿ ಬಾರದ ಮಕ್ಕಳು. ಇಬ್ಬರನ್ನೂ ಕೊಂದುಬಿಡುತ್ತಾನೆ. ಕಾರಣ ಇಷ್ಟೇ. ಜೈಮಿ ಲ್ಯಾನಿಸ್ಟರ್ ಸೆರೆಯಿಂದ ತಪ್ಪಿಸಿಕೊಳ್ಳಲು ಹೋದಾಗ ಈ ಮುದುಕನ ಮಗನನ್ನು ಕೊಂದಿದ್ದ. ಆ ಜೈಮಿ ಈಗ ಕೈಗೆ ಸಿಗುವುದಿಲ್ಲ. ರಾಬ್‌ನ ತಾಯಿ ಕ್ಯಾಟ್ಲಿನ್ ತನ್ನ ಹೆಣ್ಣುಮಕ್ಕಳನ್ನು ವಾಪಸ್ ಪಡೆಯುವ ಆಸೆಯಿಂದ, ಯಾರಿಗೂ ಹೇಳದೆ, ಅವನನ್ನು ಬಿಟ್ಟು ಕಳಿಸಿದ್ದಾಳೆ. ಮಗನನ್ನು ಕೊಂದವನು ಸಿಗಲಿಲ್ಲ. ಅವನ ಹೆಸರು ಹೊತ್ತವರು ಸಿಕ್ಕರು.

ರಾಬ್‌ಗೆ ಕೋಪ ತಡೆಯಲಾಗುವುದಿಲ್ಲ. ಕೊಲೆಯಲ್ಲಿ ಕೈ ಸೇರಿಸಿದವರನ್ನೆಲ್ಲ ಗಲ್ಲಿಗೆ ಹಾಕಲು ಹೇಳುತ್ತಾನೆ. ಒಬ್ಬ, ತಾನು ಬರೀ ಕಾವಲು ನಿಂತವನು, ನೋಡುತ್ತಿದ್ದೆ ಅಷ್ಟೇ ಎಂದು ಗೋಗರೆಯುತ್ತಾನೆ. ಹಾಗಾದರೆ ಇವನನ್ನು ಕೊನೆಗೆ ಗಲ್ಲಿಗೇರಿಸಿ, ಉಳಿದವರು ಸಾಯುವುದನ್ನೂ ನೋಡಲಿ ಅನ್ನುತ್ತಾನೆ ರಾಬ್. ತಾಯಿ, ಹೆಂಡತಿ, ಸೋದರಮಾವ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಮುದುಕನನ್ನು ಕೊಲ್ಲಬೇಡ, ಒತ್ತೆಯಾಗಿ ಇಟ್ಟುಕೋ, ಇಲ್ಲದಿದ್ದರೆ ಅವನ ಸೈನಿಕರು ಬಿಟ್ಟು ಹೋಗುತ್ತಾರೆ. ರಾಬ್ ಕೇಳುವುದಿಲ್ಲ. ತೀರ್ಪು ಕೊಟ್ಟವನೇ ಕತ್ತಿ ಬೀಸಬೇಕು ಎಂದು ಅಪ್ಪ ಕಲಿಸಿದ್ದ. ಸುರಿಯುವ ಮಳೆಯಲ್ಲಿ ತಾನೇ ಮುದುಕನ ತಲೆ ಕಡಿಯುತ್ತಾನೆ. ಸಾಯುವ ಮುಂಚೆ ಕಾರ್‌ಸ್ಟಾರ್ಕ್, ನೀನು ನನ್ನ ರಾಜನಲ್ಲ ಅನ್ನುತ್ತಾನೆ.

ಹೊರಗೂ ಮಳೆ, ಟ್ಯಾಬ್ ಒಳಗೂ ಮಳೆ. ನಾನು ರಾಬ್ ಮಾಡಿದ್ದು ಸರಿ ಅಂದೆ. ಮಕ್ಕಳನ್ನು ಕೊಂದವನು ತನ್ನ ಕಡೆಯವನು ಅಂತ ಸುಮ್ನೆ ಬಿಟ್ಟರೆ ರಾಬ್‌ಗೂ ಜಾಫ್ರಿಗೂ ಏನು ವ್ಯತ್ಯಾಸ?

ಭಾವ ಎಪಿಸೋಡ್ ನಿಲ್ಲಿಸಿದರು. ಭಾವ ನಮ್ಮಲ್ಲಿ ಕಡಿಮೆ ಮಾತಿನವರು. ಆಗ ಅವರು ಊರಿನ ಸೊಸೈಟಿಯ ಅಧ್ಯಕ್ಷರಾಗಿದ್ದರು. "ಅಲ್ಲ ಮಾರಾಯ, ತಪ್ಪಿಗೆ ಶಿಕ್ಷೆ ಬೇಕು, ಒಪ್ಪಿದೆ. ಇವನ ಅಮ್ಮ ಜೈಮಿಯನ್ನು ಬಿಟ್ಟಳಲ್ಲ, ಅವಳಿಗೆ ಏನು ಶಿಕ್ಷೆ ಕೊಟ್ಟ?"

"ಕಾವಲಲ್ಲಿ ಇಟ್ಟಿದ್ನಲ್ಲ ಭಾವ."

"ಎಷ್ಟು ದಿವಸ? ಈಗ ನೋಡು, ಪಕ್ಕದಲ್ಲೇ ನಿಂತು ಸಲಹೆ ಕೊಡ್ತಿದ್ದಾಳೆ."

ಆಮೇಲೆ ಅವರು ಸೊಸೈಟಿಯಲ್ಲಿ ನಡೆದದ್ದೊಂದನ್ನು ಹೇಳಿದರು. ಅವರಿಗಿಂತ ಬಹಳ ಹಿಂದೆ ಇದ್ದ ಒಬ್ಬ ಅಧ್ಯಕ್ಷರು ಸಾಲ ವಸೂಲಿಯಲ್ಲಿ ತುಂಬಾ ಕಟ್ಟುನಿಟ್ಟು. ಅಡಿಕೆಗೆ ಕೊಳೆ ಬಂದು ಬೆಳೆ ಹೋದ ವರ್ಷವೂ ಯಾರಿಗೂ ಬಡ್ಡಿ ಬಿಡಲಿಲ್ಲ. ನಿಯಮ ಅಂದರೆ ನಿಯಮ ಅಂದರು. ಜನ ಬೈದುಕೊಂಡೇ ಕಟ್ಟಿದರು. ಆದರೆ ಅದೇ ವರ್ಷ ಅವರ ತಮ್ಮನ ಖಾತೆಯಲ್ಲಿ ಮಾತ್ರ ಸುಸ್ತಿ ಬಡ್ಡಿ ಇರಲಿಲ್ಲ. ಅದು ಹೊರಗೆ ಬಂದ ಮೇಲೆ ಯಾರೂ ಗಲಾಟೆ ಮಾಡಲಿಲ್ಲವಂತೆ. ಸುಮ್ಮನೆ ಒಬ್ಬೊಬ್ಬರಾಗಿ ವ್ಯವಹಾರವನ್ನು ಬೇರೆ ಕಡೆಗೆ ಸಾಗಿಸಿದರು. "ಕಟ್ಟುನಿಟ್ಟಾಗಿದ್ದಕ್ಕೆ ಯಾರೂ ಬಿಟ್ಟು ಹೋಗ್ಲಿಲ್ಲ" ಅಂದರು ಭಾವ.

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಯಾಕೆಂದರೆ ರಾಬ್‌ನ ಲೆಕ್ಕದಲ್ಲಿ ತಾಯಿ ಒಬ್ಬಳೇ ಇರಲಿಲ್ಲ. ಅವನೂ ಇದ್ದ. ಮೊದಲ ಸೀಸನ್ನಿನಲ್ಲಿ ನದಿ ದಾಟಲು ಅವನಿಗೆ ವಾಲ್ಡರ್ ಫ್ರೇಯ ಸೇತುವೆ ಬೇಕಿತ್ತು. ಆ ಮುದುಕ ಸೇತುವೆಗೆ ಬೆಲೆ ಕೇಳಿದ. ನನ್ನ ಮಗಳೊಬ್ಬಳನ್ನು ಮದುವೆಯಾಗು ಅಂದ. ರಾಬ್ ಒಪ್ಪಿದ, ಸೈನ್ಯ ದಾಟಿತು, ಆ ದಾಟಿದ್ದರಿಂದಲೇ ಜೈಮಿ ಸೆರೆ ಸಿಕ್ಕ. ಎರಡನೇ ಸೀಸನ್ ಮುಗಿಯುವಷ್ಟರಲ್ಲಿ ರಾಬ್, ಗಾಯಾಳುಗಳ ಆರೈಕೆ ಮಾಡುತ್ತಿದ್ದ ಟಲೀಸಾಳನ್ನು ಪ್ರೀತಿಸಿ ಮದುವೆಯಾಗಿದ್ದ. ಕೊಟ್ಟ ಮಾತು ಅಲ್ಲೇ ಬಿತ್ತು. ಈ ಮೂರನೇ ಸೀಸನ್ನಿನ ಎರಡನೇ ಎಪಿಸೋಡ್‌ನಲ್ಲಿ ಅದನ್ನು ಅವನ ಮುಖಕ್ಕೇ ಹೇಳಿದವನೂ ಕಾರ್‌ಸ್ಟಾರ್ಕ್. ಅವಳನ್ನು ಮದುವೆಯಾದ ದಿನವೇ ನೀನು ಯುದ್ಧ ಸೋತೆ ಅಂದಿದ್ದ.

ತಾಯಿ ಮಕ್ಕಳ ಮೇಲಿನ ಆಸೆಗೆ ಅಪ್ಪಣೆ ಮೀರಿದಳು. ಮಗ ಪ್ರೀತಿಗಾಗಿ ಮಾತು ಮೀರಿದ. ಕಾರ್‌ಸ್ಟಾರ್ಕ್ ಮಗನ ದುಃಖಕ್ಕೆ ನಿಯಮ ಮೀರಿದ. ಮೂವರಲ್ಲಿ ಅವನ ತಪ್ಪೇ ಘೋರ. ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಆದರೆ ಮೊದಲ ಇಬ್ಬರು ಯಾವ ಬೆಲೆಯನ್ನೂ ತೆತ್ತಿರಲಿಲ್ಲ. ತಪ್ಪು ಮಾಡಿದ್ದೂ ಮನೆಯವರು, ಕ್ಷಮೆ ಕೊಟ್ಟದ್ದೂ ಮನೆಯವರು. ಕತ್ತಿ ಎದ್ದದ್ದು ಮಾತ್ರ ಹೊರಗಿನವನ ಮೇಲೆ. ಕಾರ್‌ಸ್ಟಾರ್ಕ್‌ನ ಸೈನಿಕರು ಮನೆದಾರಿ ಹಿಡಿದರು. ಸೈನ್ಯದ ದೊಡ್ಡ ಪಾಲೇ ಹೋಯಿತು. ಅದನ್ನು ತುಂಬಿಕೊಳ್ಳಲು ರಾಬ್ ಯಾರ ಬಾಗಿಲಿಗೆ ಹೋಗಬೇಕಾಯಿತು ಗೊತ್ತಲ್ಲ? ತಾನು ಮಾತು ಮುರಿದ ಅದೇ ವಾಲ್ಡರ್ ಫ್ರೇಯ ಬಾಗಿಲಿಗೆ. ಈಗ ಬೆಲೆ ತೆರಬೇಕಾದವನು ರಾಬ್‌ನ ಸೋದರಮಾವ ಎಡ್ಮೂರ್. ಅವನು ಫ್ರೇಯ ಮಗಳನ್ನು ಮದುವೆಯಾಗಬೇಕು.

ಮಧ್ಯಾಹ್ನ ಊಟಕ್ಕೆ ಎದ್ದದ್ದು ಬಿಟ್ಟರೆ ಕೂತ ಜಾಗದಿಂದ ನಾವು ಅಲ್ಲಾಡಲಿಲ್ಲ. ಒಂಬತ್ತನೇ ಎಪಿಸೋಡ್ ಶುರುವಾದಾಗ ಸಂಜೆ. ಅಮೆರಿಕದಲ್ಲಿ ಎಚ್‌ಬಿಒ ಅದನ್ನು ಪ್ರಸಾರ ಮಾಡಿದ್ದು 2013ರ ಜೂನ್ 2ರಂದು. ಅಲ್ಲಿನವರು ಅತ್ತು, ಕೂಗಿ, ಟಿವಿ ಆರಿಸಿ ಎಷ್ಟೋ ವರ್ಷವಾಗಿತ್ತು. ಹೇಗೋ ಏನೋ, ಆ ಗುಟ್ಟು ನಮ್ಮ ಮೂವರ ಕಿವಿಗೂ ಬಿದ್ದಿರಲಿಲ್ಲ.

ಅತ್ತೆ ಹಲಸಿನ ಹಪ್ಪಳ ಸುಟ್ಟು ಮೇಲೆ ತಂದವರು, ಪರದೆಯಲ್ಲಿ ಮದುವೆ ಕಂಡು ಅಲ್ಲೇ ನಿಂತರು. ಯಾರ ಮದುವೆ, ಹುಡುಗಿ ಯಾರ ಮಗಳು ಅಂತ ವಿಚಾರಿಸಿದರು. ನಾವು ಸುಮಾರಾಗಿ ಹೇಳಿದೆವು. ಬಂದವರಿಗೆಲ್ಲ ಫ್ರೇ ಬ್ರೆಡ್ಡು ಮತ್ತು ಉಪ್ಪು ಕೊಡಿಸಿದ್ದ. ಆ ನಾಡಿನಲ್ಲಿ ಒಂದು ಮನೆಯ ಬ್ರೆಡ್ಡು, ಉಪ್ಪು ತಿಂದ ಮೇಲೆ ಮನೆಯವರು ಅತಿಥಿಗೆ ಕೇಡು ಮಾಡುವ ಹಾಗಿಲ್ಲ, ಅತಿಥಿಯೂ ಮನೆಯವರಿಗೆ ಮಾಡುವ ಹಾಗಿಲ್ಲ. ಅತ್ತೆಗೆ ಅದನ್ನು ವಿವರಿಸಬೇಕಾಗಲೇ ಇಲ್ಲ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎನ್ನುವುದು ಅವರು ನಮಗೆ ಚಿಕ್ಕಂದಿನಿಂದ ಹೇಳಿದ ಮಾತು. ನಮ್ಮಲ್ಲಿ ಆ ಮಾತು ತಿಂದವನ ಮೇಲೆ ಋಣ ಹೊರಿಸುತ್ತದೆ. ಅಲ್ಲಿ ಬಡಿಸಿದವನೂ ಋಣಿ.

ಆಮೇಲೆ ಬಾಗಿಲು ಮುಚ್ಚಿತು. ವಾದ್ಯದವರು ಲ್ಯಾನಿಸ್ಟರ್‌ಗಳ ಹಾಡು ನುಡಿಸತೊಡಗಿದರು. ಕ್ಯಾಟ್ಲಿನ್ ಪಕ್ಕದಲ್ಲಿ ಕೂತಿದ್ದ, ರಾಬ್‌ನ ಕಡೆಯದೇ ಪಾಳೆಯಗಾರ ರೂಸ್ ಬೋಲ್ಟನ್‌ನ ತೋಳು ಸರಿಸಿ ನೋಡಿದರೆ ಒಳಗೆ ಕಬ್ಬಿಣದ ಕವಚ. ಮುಂದಿನ ಕೆಲವೇ ನಿಮಿಷದಲ್ಲಿ ಎಲ್ಲ ಮುಗಿದುಹೋಯಿತು. ಬಸುರಿ ಟಲೀಸಾ, ರಾಬ್, ಅವನು ಸಾಕಿದ ತೋಳ, ಅವನ ಸೈನ್ಯ. ಕ್ಯಾಟ್ಲಿನ್ ಕೊನೆಯ ಆಸೆಯಾಗಿ ಫ್ರೇಯ ಎಳೆ ಹೆಂಡತಿಯ ಕುತ್ತಿಗೆಗೆ ಚಾಕು ಹಿಡಿದು ಮಗನನ್ನು ಬಿಡು ಅನ್ನುತ್ತಾಳೆ. ಮುದುಕ, ಇನ್ನೊಬ್ಬಳನ್ನು ಹುಡುಕಿಕೊಳ್ಳುತ್ತೇನೆ ಅನ್ನುತ್ತಾನೆ. ಮಗ ಬಿದ್ದ ಮೇಲೆ ಕ್ಯಾಟ್ಲಿನ್ ಆ ಹುಡುಗಿಯ ಕುತ್ತಿಗೆ ಕೊಯ್ಯುತ್ತಾಳೆ. ಏನೂ ತಪ್ಪು ಮಾಡದ ಹುಡುಗಿ. ಆ ರಾತ್ರಿ ಸತ್ತವರಲ್ಲಿ ನನಗೆ ಜಾಸ್ತಿ ಕಾಡಿದವಳು ಅವಳೇ. ಅವಳ ಬಗ್ಗೆ ಯಾರೂ ಮಾತಾಡುವುದಿಲ್ಲ.

ಅತ್ತೆಯ ಮಗಳು ಮುಖ ಮುಚ್ಚಿಕೊಂಡು ಅತ್ತಳು. ಅತ್ತೆ, "ಉಪ್ಪು ಕೊಟ್ಟ ಮೇಲೂ ಹೀಗಾ?" ಅಂದರು. ಹಪ್ಪಳದ ತಟ್ಟೆ ಇಟ್ಟು ಕೆಳಗಿಳಿದು ಹೋದರು.

ಇದು ಬರೀ ಕಲ್ಪನೆ ಅಂದುಕೊಂಡು ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ. ಮೂಲ ಕಾದಂಬರಿ ಬರೆದ ಜಾರ್ಜ್ ಆರ್. ಆರ್. ಮಾರ್ಟಿನ್‌ಗೆ ಈ ದೃಶ್ಯ ಹೊಳೆದದ್ದು ಸ್ಕಾಟ್ಲೆಂಡಿನ ಇತಿಹಾಸದಿಂದ. 1440ರಲ್ಲಿ ಎಡಿನ್‌ಬರೋ ಕೋಟೆಗೆ ಊಟಕ್ಕೆ ಕರೆಸಿದ ಹದಿಹರೆಯದ ಡಗ್ಲಸ್ ದೊರೆಯನ್ನೂ ಅವನ ತಮ್ಮನನ್ನೂ ತಲೆ ಕಡಿದು ಕೊಂದರು. 1692ರ ಫೆಬ್ರವರಿಯಲ್ಲಿ ಗ್ಲೆಂಕೋ ಕಣಿವೆಯಲ್ಲಿ ಸೈನಿಕರು ಮ್ಯಾಕ್‌ಡೊನಾಲ್ಡ್ ಕುಲದವರ ಮನೆಗಳಲ್ಲಿ ಸುಮಾರು ಎರಡು ವಾರ ಉಂಡು ಮಲಗಿದ್ದು, ಒಂದು ನಸುಕಿನಲ್ಲಿ ಎದ್ದು ಆ ಮನೆಯವರನ್ನೇ ಕೊಂದರು. ಸತ್ತವರು 30ಕ್ಕೂ ಹೆಚ್ಚು. ಇದನ್ನು ಓದಿದ್ದು ಆಮೇಲೆ. ಓದಿದಾಗ ಅತ್ತೆಯ ಪ್ರಶ್ನೆಯೇ ನೆನಪಾಯಿತು.

ಹತ್ತನೇ ಎಪಿಸೋಡ್‌ನಲ್ಲಿ ಲ್ಯಾನಿಸ್ಟರ್ ಮನೆತನದ ಯಜಮಾನ ಟೈವಿನ್, ಫ್ರೇಯ ಹಿಂದೆ ನಿಂತು ಮಾಡಿಸಿದ ಈ ಕೊಲೆಯನ್ನು ಸಮರ್ಥಿಸಿಕೊಳ್ಳುತ್ತಾನೆ. ರಣರಂಗದಲ್ಲಿ ಹತ್ತು ಸಾವಿರ ಜನರನ್ನು ಕೊಲ್ಲುವುದಕ್ಕಿಂತ ಊಟದ ಮನೆಯಲ್ಲಿ ಹನ್ನೆರಡು ಜನರನ್ನು ಕೊಲ್ಲುವುದು ಹೇಗೆ ಕೀಳು ಎಂದು ಮಗ ಟಿರಿಯನ್‌ನನ್ನು ಕೇಳುತ್ತಾನೆ. ಕೇಳಲು ಎಷ್ಟು ಜಾಣ ಮಾತು ಅಲ್ವಾ? ಇದೇ ಎಪಿಸೋಡ್‌ನಲ್ಲಿ, ನಾನೇ ರಾಜ ಎಂದು ಕೂಗುವ ಜಾಫ್ರಿಗೆ, ಹಾಗೆ ಬಾಯಿಬಿಟ್ಟು ಹೇಳಿಕೊಳ್ಳಬೇಕಾದವನು ರಾಜನೇ ಅಲ್ಲ ಅನ್ನುವವನೂ ಟೈವಿನ್. ಅಧಿಕಾರ ಅವನಷ್ಟು ಅರ್ಥವಾದವರು ಆ ಕಥೆಯಲ್ಲಿ ಕಡಿಮೆ. ಆದರೆ ಅವನ ಲೆಕ್ಕ ನನಗೆ ಒಪ್ಪಿಗೆಯಾಗಲಿಲ್ಲ. ಹತ್ತು ಸಾವಿರ ಜನ ಉಳಿಯಲಿಲ್ಲ. ಕೋಟೆಯ ಹೊರಗೆ ಡೇರೆಗಳಲ್ಲಿದ್ದ ರಾಬ್‌ನ ಸೈನಿಕರೂ ಅದೇ ರಾತ್ರಿ ಸತ್ತರು. ಅಂದಿನಿಂದ ಆ ನಾಡಿನಲ್ಲಿ ಯಾರ ಮನೆಯ ಉಪ್ಪನ್ನೂ ನಂಬುವ ಹಾಗಿಲ್ಲ. ಅದಕ್ಕೆ ಟೈವಿನ್ ಬೆಲೆಯನ್ನೇ ಕಟ್ಟಲಿಲ್ಲ. ಮುಂದಿನ ಸೀಸನ್ ಮುಗಿಯುವಾಗ ಅವನನ್ನು ಕೊಂದದ್ದು ಅದೇ ಮಗ ಟಿರಿಯನ್.

ಆ ಎಪಿಸೋಡ್‌ನಲ್ಲೇ ರಾಬ್‌ನ ಪುಟ್ಟ ತಮ್ಮ ಬ್ರಾನ್ ಒಂದು ಹಳೆಯ ಕಥೆ ಹೇಳುತ್ತಾನೆ. ರಾಜನ ಮೇಲಿನ ಸಿಟ್ಟಿಗೆ ಅಡುಗೆಯವನೊಬ್ಬ ರಾಜನ ಮಗನನ್ನೇ ಕೊಂದು ಬೇಯಿಸಿ ಬಡಿಸಿದ. ದೇವರುಗಳು ಅವನನ್ನು ಇಲಿಯನ್ನಾಗಿ ಮಾಡಿದರು. ಕೊಲೆ ಮಾಡಿದ್ದಕ್ಕಲ್ಲ, ಅತಿಥಿಯನ್ನು ಕೊಂದಿದ್ದಕ್ಕೆ. ಇದನ್ನು ಯಾಕೆ ಅಲ್ಲಿ ಇಟ್ಟಿದ್ದಾರೆ ಅಂತ ಆಗ ಗೊತ್ತಾಗಲಿಲ್ಲ. ಆರನೇ ಸೀಸನ್ನಿನ ಕೊನೆಯಲ್ಲಿ ರಾಬ್‌ನ ತಂಗಿ ಆರ್ಯಾ ವಾಲ್ಡರ್ ಫ್ರೇಗೆ ಅವನ ಮಕ್ಕಳ ಮಾಂಸವನ್ನೇ ಬಡಿಸಿ ಕತ್ತು ಕೊಯ್ದಾಗ ಗೊತ್ತಾಯಿತು. ಏಳನೇ ಸೀಸನ್ ಶುರುವಾಗುವುದೇ ಅವಳು ಆ ಮುದುಕನ ಮುಖ ಹಾಕಿಕೊಂಡು, ಫ್ರೇ ಮನೆಯ ಗಂಡಸರಿಗೆಲ್ಲ ವಿಷದ ವೈನ್ ಕುಡಿಸುವಲ್ಲಿಂದ. ಹೆಂಗಸರಿಗೆ ಕುಡಿಯಲು ಬಿಡುವುದಿಲ್ಲ. ತಾಯಿ ಕೊಂದದ್ದು ಏನೂ ಅರಿಯದ ಒಬ್ಬ ಹೆಂಡತಿಯನ್ನು, ಮಗಳು ಅಂಥವರನ್ನು ಉಳಿಸಿದಳು. ಅದನ್ನು ನೋಡಿ ನನಗೆ ಖುಷಿಯಾಯಿತು, ಭಾವನಿಗೆ ಫೋನ್ ಮಾಡಿದೆ.

"ಆದ್ರೆ ಅದೇ ಹಜಾರದಲ್ಲಿ, ಯಜಮಾನನ ವೇಷದಲ್ಲಿ ನಿಂತು, ಊಟಕ್ಕೆ ಕರೆದವರನ್ನೇ ಕೊಂದಳಲ್ಲ" ಅಂದರು ಅವರು. ನಾನು ವಾದಿಸಿದೆ. ಅವರು ಕೊಲೆಗಾರರು ಭಾವ ಅಂದೆ. ಆ ಮಾತಿಗೆ ಭಾವನೂ ಇಲ್ಲ ಅನ್ನಲಿಲ್ಲ. ಈ ವಿಷಯ ನಮ್ಮಿಬ್ಬರ ನಡುವೆ ಈಗಲೂ ಇತ್ಯರ್ಥವಾಗಿಲ್ಲ.

ಎಂಟನೇ ಸೀಸನ್ 2019ರ ಮೇ ತಿಂಗಳಲ್ಲಿ ಮುಗಿಯಿತು. ಅದರ ಮುಕ್ತಾಯದ ಬಗ್ಗೆ ಬೇಕಾದಷ್ಟು ಜನ ಬೈದಿದ್ದಾರೆ, ನಾನು ಸೇರಿಸುವುದೇನಿಲ್ಲ. ಆದರೆ ಕೊನೆಯಿಂದ ಎರಡನೇ ಎಪಿಸೋಡ್‌ನ ಒಂದು ದೃಶ್ಯಕ್ಕಾಗಿ ಅದರ ಎಲ್ಲ ತಪ್ಪನ್ನೂ ನಾನು ಮನ್ನಿಸುತ್ತೇನೆ. ಊರೇ ಹೊತ್ತಿ ಉರಿಯುತ್ತಿದೆ. ಸೇಡಿನ ಪಟ್ಟಿಯ ದೊಡ್ಡ ಹೆಸರು, ಜಾಫ್ರಿಯ ತಾಯಿ ಸರ್ಸಿಯನ್ನು ಕೊಲ್ಲಲು ಆರ್ಯಾ ಅರಮನೆಯೊಳಗೆ ನಡೆದಿದ್ದಾಳೆ. ಜೊತೆಗಿದ್ದ, ಹೌಂಡ್ ಎಂಬ ಅಡ್ಡಹೆಸರಿನ ಯೋಧ ಅವಳನ್ನು ತಡೆಯುತ್ತಾನೆ. ಅವನದೂ ಬದುಕಿಡೀ ಅಣ್ಣನ ಮೇಲಿನ ಸೇಡು. ನನ್ನನ್ನು ನೋಡು, ನನ್ನ ಹಾಗಾಗಬೇಕಾ ನಿನಗೆ ಎಂದು ಕೇಳುತ್ತಾನೆ. ಅವಳು ಅವನನ್ನು ಸ್ಯಾಂಡರ್ ಎಂಬ ನಿಜ ಹೆಸರು ಹಿಡಿದು ಕರೆದು, ಥ್ಯಾಂಕ್ಸ್ ಹೇಳಿ, ವಾಪಸ್ ತಿರುಗುತ್ತಾಳೆ. ಅವನು ಅವಳಿಗೆ ಕಾನೂನು ಹೇಳಲಿಲ್ಲ. ಸೇಡು ಏನು ಮಾಡುತ್ತದೆ ಎಂದು ತನ್ನನ್ನೇ ತೋರಿಸಿ ಹೇಳಿದ.

ಕಾರ್‌ಸ್ಟಾರ್ಕ್‌ಗೆ ಹಾಗೆ ಹೇಳಲು ಒಬ್ಬನೇ ಒಬ್ಬ ಸರಿಯಾದ ಮನುಷ್ಯ ಇದ್ದ, ಅವನೇ ರಾಬ್. ಅಪ್ಪನನ್ನು ಕಳೆದುಕೊಂಡ ಮಗ ಅವನು, ಮಗನನ್ನು ಕಳೆದುಕೊಂಡ ಅಪ್ಪ ಇವನು. ನನ್ನ ತಾಯಿ ನಿನಗೆ ಅನ್ಯಾಯ ಮಾಡಿದಳು, ನಾನೂ ಮಾತು ತಪ್ಪಿದೆ ಎಂದು ರಾಬ್ ಆ ಮುದುಕನ ಡೇರೆಯಲ್ಲಿ ಒಂದು ರಾತ್ರಿ ಕೂತು ಹೇಳಿದ್ದರೆ, ಆ ಇಬ್ಬರು ಹುಡುಗರು ಬದುಕುತ್ತಿದ್ದರು ಎಂದೇ ನಾನು ನಂಬುತ್ತೇನೆ. ಫ್ರೇಯ ಬಾಗಿಲಿಗೆ ಹೋಗುವ ಅಗತ್ಯವೂ ರಾಬ್‌ಗೆ ಬರುತ್ತಿರಲಿಲ್ಲ.