ಬಸವಣ್ಣನ ನಾಡಾಗ ಬುದ್ಧ ಯಾಕ ಬೇಕ್ರಿ?

ಈ ಪ್ರಶ್ನೆ ನನಗ ಹುನಗುಂದ ಬಸ್ ಸ್ಟ್ಯಾಂಡಿನ್ಯಾಗ ಕೇಳ್ಯಾರ, ಬೀಗರ ಮದುವಿ ಪಂಕ್ತಿಯೊಳಗ ಕೇಳ್ಯಾರ, ಬೋರ್ ಮೋಟರ್ ರಿಪೇರಿಗೆ ಬಂದ ಹುಡುಗ ಸುದ್ದಾ ಪಾನಾ ಕೈಯಾಗ ಹಿಡಕೊಂಡ ಕೇಳಿದ. "ಅಲ್ರೀ ಸರ, ಕೂಡಲಸಂಗಮ ಇಲ್ಲೇ ಐತಿ, ಕಾಯಕ ದಾಸೋಹ ಅಂತ ಬಸವಣ್ಣನವರು ಎಲ್ಲಾ ಹೇಳಿಟ್ಟ ಹೋಗ್ಯಾರ, ಮತ್ತ ನೀವು ಎಂಟ ಮಂದಿ ಬುದ್ಧನ ಹೆಸರ ಹೇಳ್ಕೊಂತ ಹೊಲದಾಗ ಯಾಕ ಕುಂತೀರಿ?"

ನಾವು ಎಂಟ ಮಂದಿ ಕೂಡಿ ಒಂದ ಹೊಲದಾಗ ದುಡಕೊಂತ, ಬುದ್ಧನ ಕೆಲವ ಪದ್ಧತಿ ಹಿಡಕೊಂಡ ಇರ್ತೀವಿ. ಬಸವಣ್ಣನವರ್ನ ಬಿಟ್ಟು ಬುದ್ಧನ್ನ ಹಿಡದೀವಿ ಅಂತೇನಿಲ್ಲ. ಮತ್ತ ಬುದ್ಧ ಇಲ್ಲಿಗೆ ಹೊಸಬನೂ ಅಲ್ಲ. ಐಹೊಳಿಯೊಳಗ ಮೇಗುತಿ ಗುಡ್ಡ ಹತ್ತುವಾಗ ಅರ್ಧ ಕಲ್ಲ ಕೊರದು ಅರ್ಧ ಕಟ್ಟಿದ ಎರಡಂತಸ್ತಿನ ಬೌದ್ಧ ಗುಡಿ ಸಿಗತೈತಿ, ಮ್ಯಾಲಿನ ಪಡಸಾಲಿ ಚಾವಣಿ ತಲಿ ಎತ್ತಿ ನೋಡ್ರಿ, ಅಲ್ಲಿ ಬುದ್ಧ ಆರಾಮ ಕುಂತಾನ. ಮಂದಿ ಅದರ ಮುಂದ ಹಾದು 634ರ ರವಿಕೀರ್ತಿ ಶಾಸನ ನೋಡಾಕ ಮ್ಯಾಲ ಓಡ್ತಾರ.

ನಮ್ಮ ತ್ರಾಸ ಬ್ಯಾರೇನ ಇತ್ತು. ದುಡಿಯೋದು ನಮಗ ಗೊತ್ತಿತ್ತು, ಯಾವಾಗ ನಿಲ್ಲಬೇಕು ಅನ್ನೋದ ಗೊತ್ತಿರಲಿಲ್ಲ. ಮೊದಲನೇ ವರ್ಷ ನಾಕ ಎಕರೆ ಎರಿ ಹೊಲ, ಅಂದ್ರ ಕರಿ ಮಣ್ಣಿನ ಹೊಲ, ತಗೊಂಡ ಹುರುಪಿನೊಳಗ, ಪರಿಸರ ಪರಿಸರ ಅಂತ ಬಡಕೊಂಡು, ಜೋರ್ ಮಳಿ ಆದ ಮರುದಿನಾನ ಬೇವು, ಹೊಂಗಿ ಸಸಿ ಹಿಡಕೊಂಡ ಎಲ್ಲಾರೂ ಹೊಲಕ್ಕ ಇಳದ್ವಿ, ಒಂದೊಂದ ಕಾಲಿಗೆ ಎರಡ ಕಿಲೋ ಮಣ್ಣ ಮೆತ್ತಿತ್ತು, ಫೋಟೋ ಮಾತ್ರ ಭಾರಿ ಬಂದ್ವು. ಬಾಜೂ ಹೊಲದ ಕಾಕಾ ಬದುವಿನ ಮ್ಯಾಲ ನಿಂತು ಬೈದ ಬೈಗಳ ಇಲ್ಲಿ ಬರಿಯಾಕ ಬರೂದಿಲ್ಲ. "ಹಸಿ ಎರಿಯಾಗ ಯಾರರ ಕಾಲಿಡ್ತಾರೇನ್ರೋ? ಭೂಮಿ ತುಳದ ಕೊಂದ್ರಿ ನೋಡ್ರಿ" ಅಂದ್ರು. ಹಂಗ ಆತು. ಬಿಸಲ ಬಿದ್ದ ಮ್ಯಾಲ ತುಳದ ಜಾಗ ಇಟ್ಟಂಗಿ ಆತು, ಆಮ್ಯಾಗ ಬಿರಕ ಬಿಟ್ಟು ಬೇರ ಹರದ್ವು, ನಲವತ್ತ ಸಸಿಯೊಳಗ ಉಳದದ್ದ ಆರು.

ಅದ ಮಳಿಗಾಲದಾಗ ವಿನಯಪಿಟಕ ಓದಾಕತ್ತಿದ್ದೆ, ಭಿಕ್ಷುಗಳ ನಿಯಮ ಇರೋ ಗ್ರಂಥ ಅದು. ಅದರಾಗ ಒಂದ ಕಥಿ ಐತಿ: ಭಿಕ್ಷುಗಳು ಮಳಿಗಾಲದಾಗೂ ತಿರಗಾಕತ್ತಿದ್ರಂತ, ಹಸರ ಹುಲ್ಲ ತುಳದು ಸಣ್ಣ ಸಣ್ಣ ಜೀವಾ ಸಾಯಾಕತ್ತಿದ್ವಂತ, ಮಂದಿ ಸಿಟ್ಟಿಗೆದ್ದು ಹಕ್ಕಿ ಸುದ್ದಾ ಮಳಿಗಾಲಕ್ಕ ಗೂಡ ಕಟ್ಟಿ ಒಂದ ಕಡೆ ಇರ್ತಾವು ಇವರಿಗೇನಾಗೈತಿ ಅಂದ್ರಂತ. ಆವಾಗ ಬುದ್ಧ ಮೂರ ತಿಂಗಳ ಒಂದ ಕಡೆ ಇರ್ರಿ ಅಂತ ವರ್ಷಾವಾಸದ ನಿಯಮ ಮಾಡಿದ. ಓದುವಾಗ ನನಗ ಕಾಕಾನ ಮಾರಿನ ಕಣ್ಣ ಮುಂದ ಬಂತು. ಮಂದಿ ಬೈದದ್ದ ಕೇಳಿ ನಿಯಮ ಮಾಡಿದ ಗುರು, ನನಗ ಭಾಳ ಸೇರಿದ. ಈಗ ನಮ್ಮಲ್ಲೂ ಹಂಗ, ಮಳಿ ಆದ್ರ ಮಣ್ಣ ಹದಾ ಆಗೂ ತನಕಾ ಯಾರೂ ಹೊಲಕ್ಕ ಇಳಿಯಂಗಿಲ್ಲ, ಬೀಜ ಹಸನ ಮಾಡ್ಕೊಂತ ಸುಮ್ಮ ಕುಂದ್ರೋದು.

ಗಂಟಿ ಬಾರಿಸಿದ್ರ ಕೆಲಸ ನಿಲ್ಲಸೂ ಪದ್ಧತೀನೂ ನಮ್ಮಲ್ಲಿ ಐತಿ, ಅದನ್ನ ತಗೊಂಡದ್ದು ವಿಯೆಟ್ನಾಮಿನ ಭಿಕ್ಷು ಥಿಕ್ ನ್ಯಾಟ್ ಹಾನ್ ಅವರ ಕಡೆಯಿಂದ. ಯುದ್ಧ ನಡದಾಗ 1966ರಾಗ ಆರ ಮಂದಿ ಕಟಗೊಂಡು ಒಂದ ಸಂಘ ಚಾಲೂ ಮಾಡಿದ್ರು, 1982ರಾಗ ಫ್ರಾನ್ಸಿನೊಳಗ ಪ್ಲಮ್ ವಿಲೇಜ್ ಕಟ್ಟಿದ್ರು. ಅಲ್ಲಿ ಗಂಟಿ ಬಾರಿಸಿದ್ರ ಯಾರ ಏನ ಮಾಡಾಕತ್ತಿದ್ರೂ ನಿಂತು ಮೂರ ಉಸರ ತಗೋಬೇಕು. ನಮ್ಮದು ಅಪ್ಪ ಮಾರಿದ ಎತ್ತಿನ ಕೊಳ್ಳಾಗಿನ ಗಂಟಿ. ಮೊದಲ ದಿನ ಬಾರಿಸಿದಾಗ ಅಕ್ಕಾರು ಹಂಚಿನ ಮುಂದ ರೊಟ್ಟಿ ಬಡಿಯಾಕತ್ತಿದ್ರು, ಹಿಟ್ಟಿನ ಕೈ ಹಂಗ ಎತ್ತಿ ಕಣ್ಣ ಮುಚ್ಚಿದ್ರು, ಹಂಚಿನ್ಯಾಗಿನ ರೊಟ್ಟಿ ಕರ್ರಗ ಹೊತ್ತಿ ಹೊಗಿ ಬಂತು. ಆವತ್ತಿನಿಂದ ಒಲಿ ಮುಂದ ಇದ್ದವರಿಗೆ ಗಂಟಿ ಮಾಫಿ!

ಇನ್ನ ಹುಣ್ಣಿಮಿ ದಿನ ಕುಂತು ನಮ್ಮ ನಮ್ಮ ತಪ್ಪ ನಾವ ಹೇಳ್ಕೋತೀವಿ, ಅದೂ ಭಿಕ್ಷುಗಳ ಹಳೇ ರೂಢೀನ. ಇದಿಲ್ಲಂದ್ರ ಮೋಟರ್ ಚಾಲೂ ಮಾಡೋ ಪಾಳಿ ಮ್ಯಾಲಿಂದ ನಾವು ಎಂಟೂ ಮಂದಿ ಎಂಟ ದಿಕ್ಕಿಗೆ ಹೋಗಿರ್ತಿದ್ವಿ.

ಕೆಲವ್ರು ಇದ ಪ್ರಶ್ನೆ ಸುತ್ತಿ ಬಳಸಿ ಕೇಳ್ತಾರ, "ಹಂಗಾದ್ರ ಅಡಗಿ ಯಾರ ಮಾಡ್ತಾರ್ರಿ?" ಏನ ಕೇಳಾಕತ್ಯಾರ ಅಂತ ತಿಳೀತೈತಿ. ನಮ್ಮೊಳಗಿನ ಇಬ್ಬರ ಮನ್ಯಾಗ ಬುದ್ಧ ಮೊದಲಿಂದಾನ ಅದಾನ, 1956ರ ಅಕ್ಟೋಬರ್ 14ಕ್ಕ ನಾಗಪುರದಾಗ ಅಂಬೇಡ್ಕರ್ ಅವರು ದೀಕ್ಷಾ ತಗೊಂಡರಲ್ಲ, ಆ ಹಾದಿಯಿಂದ ಬಂದದ್ದು. ಅಡಗಿ ಪಾಳಿ ಪ್ರಕಾರ ಎಲ್ಲಾರೂ ಮಾಡ್ತೀವಿ, ನನ್ನ ಪಾಳಿ ದಿನ ಬರಬ್ಯಾಡ್ರಿ ಅಷ್ಟ, ಸಾರಿಗೆ ಉಪ್ಪ ಹೆಚ್ಚ.

ಕಾಕಾ ಈಗ ದಿನಾ ಸಂಜಿಕ್ಕ ನಮ್ಮ ಬದುವಿನ ಮ್ಯಾಲಾಸಿ ಹೋಗ್ತಾರ. ಗಂಟಿ ಕೇಳಿದ್ರ ಅವರೂ ನಿಲ್ತಾರ. ಉಸರ ನೋಡ್ಕೋತೀರೇನ್ ಕಾಕಾ ಅಂತ ಒಮ್ಮೆ ಕೇಳಿದೆ. "ಏ ಹೋಗೋ ತಮ್ಮಾ, ಅದು ನನ್ನ ಎಲಿ ಅಡಕಿ ಟೈಮು" ಅಂದು ಸಂಚಿ ಬಿಚ್ಚಿದ್ರು.